ಕ್ಯಾಮೆರಾ ಕಣ್ಣಿಗೆ ಏರುವ ಮೊದಲು: ಬೀದಿ ಫೋಟೋಕ್ಕೆ ಕೈಯಂದಾಜಿನ ಸೆಟ್ಟಿಂಗ್

ಕಾಸರಗೋಡು ಕಡೆಯ ಸುಮಾರು ಮನೆಗಳ ಕಪಾಟಿನಲ್ಲಿ ಒಂದು ಹಳೆ ಕ್ಯಾಮೆರಾ ಇರುತ್ತದೆ. ಗಲ್ಫಿಗೆ ಹೋದ ಮಾವನೋ ದೊಡ್ಡಪ್ಪನೋ ಎಂಬತ್ತರ ದಶಕದಲ್ಲಿ ತಂದದ್ದು. ಯಾಶಿಕಾ ಎಫ್‌ಎಕ್ಸ್-3, ಪೆಂಟಾಕ್ಸ್ ಕೆ1000, ನಿಕಾನ್ ಎಫ್‌ಎಂ2, ಹೀಗೆ ಯಾವುದೋ ಒಂದು. ಈಗ ಅವು ಹೊರಗೆ ಬರುತ್ತಿವೆ. ಕಾಲೇಜಿನ ಹುಡುಗ ಹುಡುಗಿಯರು ಫಿಲ್ಮ್ ಹಾಕಿಕೊಂಡು ಪೇಟೆಗೆ ಇಳಿಯುತ್ತಿದ್ದಾರೆ. ಇನ್ನು ಕೆಲವರು ಹಳೆ ಲೆನ್ಸಿಗೆ ಅಡಾಪ್ಟರ್ ಹಾಕಿ ಹೊಸ ಡಿಜಿಟಲ್ ಕ್ಯಾಮೆರಾಕ್ಕೆ ಸಿಕ್ಕಿಸುತ್ತಿದ್ದಾರೆ. ಎಲ್ಲರದ್ದೂ ಒಂದೇ ತೊಂದರೆ. ಬಸ್ ಸ್ಟ್ಯಾಂಡಿನಲ್ಲಿ ಒಳ್ಳೆ ದೃಶ್ಯ ಕಂಡಿತು ಅಂತ ಕ್ಯಾಮೆರಾ ಎತ್ತಿ, ಬೆಳಕು ನೋಡಿ, ಫೋಕಸ್ ತಿರುಗಿಸಿ, ಕೊನೆಗೆ ಒತ್ತುವಷ್ಟರಲ್ಲಿ ಆ ಮನುಷ್ಯ ಬಸ್ ಹತ್ತಿ ಚೆರ್ಕಳ ದಾಟಿರುತ್ತಾನೆ.

ಪರಿಹಾರ ಇದೆ. ಎತ್ತಿದ ಮೇಲೆ ಏನನ್ನೂ ತಿರುಗಿಸದಿದ್ದರೆ ಆಯಿತು. ಎಲ್ಲವನ್ನೂ ಮೊದಲೇ, ನಡೆಯುತ್ತಲೇ, ಬೆರಳಿನ ಅಂದಾಜಿನಲ್ಲಿ ಸೆಟ್ ಮಾಡಿಡುವುದು. ಇದು ಸಾಧ್ಯವಾಗುವುದು ಒಂದು ಸರಳ ಕಾರಣಕ್ಕೆ: ಬೀದಿಯಲ್ಲಿ ಜನ ಕ್ಷಣಕ್ಕೊಮ್ಮೆ ಬದಲಾಗುತ್ತಾರೆ, ಆದರೆ ಬೆಳಕು ಅಷ್ಟು ಬೇಗ ಬದಲಾಗುವುದಿಲ್ಲ. ಹತ್ತು ಗಂಟೆಯ ಬಿಸಿಲು ಹತ್ತೂಕಾಲಕ್ಕೂ ಹೆಚ್ಚುಕಮ್ಮಿ ಅದೇ ಬಿಸಿಲು.

ಹೊಸ ಉಪಾಯವೇನೂ ಅಲ್ಲ. 1925ರಲ್ಲಿ ಜರ್ಮನಿಯಲ್ಲಿ ಲೈಕಾ ಅನ್ನುವ ಸಣ್ಣ ಕ್ಯಾಮೆರಾ ಮಾರಾಟಕ್ಕೆ ಬಂದಾಗ ಅದರೊಳಗೆ ಬೆಳಕು ಅಳೆಯುವ ಲೈಟ್ ಮೀಟರ್ ಅನ್ನುವುದೇ ಇರಲಿಲ್ಲ. ಅಂಥ ಕ್ಯಾಮೆರಾ ಹಿಡಿದೇ ಫ್ರಾನ್ಸಿನ ಆನ್ರಿ ಕಾರ್ಟಿಯೆ-ಬ್ರೆಸೋನ್ ಬೀದಿ ಬೀದಿ ತಿರುಗಿದವರು. 1948ರಲ್ಲಿ ದೆಹಲಿಯಲ್ಲಿ ಗಾಂಧೀಜಿಯ ಅಂತ್ಯಯಾತ್ರೆಯ ಚಿತ್ರಗಳನ್ನು ತೆಗೆದವರಲ್ಲಿ ಅವರೂ ಒಬ್ಬರು.

ಮೂರು ತಿರುಪು, ಒಂದೇ ಲೆಕ್ಕ

ಮ್ಯಾನುವಲ್ ಕ್ಯಾಮೆರಾ ಅಂದರೆ ಬೆಳಕಿನ ಲೆಕ್ಕವನ್ನು ನೀವೇ ಹಾಕುವ ಕ್ಯಾಮೆರಾ. ಮೂರು ಸಂಗತಿ ನಿಮ್ಮ ಕೈಯಲ್ಲಿವೆ.

ಅಪರ್ಚರ್ ಅಂದರೆ ಲೆನ್ಸಿನೊಳಗೆ ಬೆಳಕು ನುಗ್ಗುವ ತೂತು. ಶಟರ್ ಅಂದರೆ ಆ ಬೆಳಕು ಎಷ್ಟು ಹೊತ್ತು ಬೀಳಬೇಕು ಅನ್ನುವುದು. ಐಎಸ್‌ಒ ಅಂದರೆ ಫಿಲ್ಮಿಗೆ ಅಥವಾ ಡಿಜಿಟಲ್ ಕ್ಯಾಮೆರಾದ ಸೆನ್ಸರಿಗೆ ಎಷ್ಟು ಬೆಳಕು ಸಾಕು ಅನ್ನುವುದರ ಅಳತೆ. ಅಡಿಕೆ ಬುಡಕ್ಕೆ ನೀರು ಬಿಡುವುದನ್ನು ನೆನೆಸಿಕೊಳ್ಳಿ. ದಪ್ಪ ಪೈಪಾದರೆ ಸ್ವಲ್ಪ ಹೊತ್ತು ಸಾಕು, ಸಪೂರ ಪೈಪಾದರೆ ಜಾಸ್ತಿ ಹೊತ್ತು ಬಿಡಬೇಕು, ಬುಡಕ್ಕೆ ಬೀಳುವ ನೀರು ಮಾತ್ರ ಅಷ್ಟೇ. ಪೈಪಿನ ದಪ್ಪವೇ ಅಪರ್ಚರ್, ಬಿಡುವ ಹೊತ್ತೇ ಶಟರ್. ಆ ಗಿಡಕ್ಕೆ ಎಷ್ಟು ನೀರು ಬೇಕು ಅನ್ನುವುದನ್ನು ಹೇಳುವುದು ಐಎಸ್‌ಒ. ಐಎಸ್‌ಒ 400ರ ಫಿಲ್ಮಿಗೆ 100ರ ಫಿಲ್ಮಿಗಿಂತ ಕಾಲು ಭಾಗ ಬೆಳಕು ಸಾಕು.

ಅಪರ್ಚರಿನ ಸಂಖ್ಯೆಗಳು ಮೊದಲಿಗೆ ಗೊಂದಲ ಮಾಡುತ್ತವೆ. 2, 2.8, 4, 5.6, 8, 11, 16. ಸಂಖ್ಯೆ ದೊಡ್ಡದಾದಷ್ಟು ತೂತು ಸಣ್ಣದು. ಯಾಕೆಂದರೆ ಅದು ಭಾಗಿಸುವ ಸಂಖ್ಯೆ. ಲೆನ್ಸಿನ ಫೋಕಲ್ ಲೆಂಗ್ತನ್ನು (ಲೆನ್ಸಿನ ಮೇಲೆ 35 ಮಿ.ಮೀ., 50 ಮಿ.ಮೀ. ಅಂತ ಬರೆದಿರುವ ಅಳತೆ) ಎಂಟರಿಂದ ಭಾಗಿಸಿದರೆ ಬರುವ ಅಗಲ ಎಫ್ 8. ಈ ಸಾಲಿನಲ್ಲಿ ಒಂದೊಂದು ಮೆಟ್ಟಿಲು ಮುಂದೆ ಹೋದಾಗಲೂ ಬೆಳಕು ಸರಿಯಾಗಿ ಅರ್ಧವಾಗುತ್ತದೆ. ಶಟರಿನಲ್ಲೂ ಹಾಗೆಯೇ: 1/125, 1/250, 1/500, ಪ್ರತಿ ಸಲ ಅರ್ಧ. ಈ ಅರ್ಧ ಅಥವಾ ದುಪ್ಪಟ್ಟಿನ ಒಂದು ಮೆಟ್ಟಿಲನ್ನು ಸ್ಟಾಪ್ ಅನ್ನುತ್ತಾರೆ. ಅಪರ್ಚರನ್ನು ಒಂದು ಸ್ಟಾಪ್ ತೆರೆದು ಶಟರನ್ನು ಒಂದು ಸ್ಟಾಪ್ ವೇಗ ಮಾಡಿದರೆ ಬೆಳಕು ಮೊದಲಿನಷ್ಟೇ ಉಳಿಯುತ್ತದೆ. ಎಫ್ 16ಕ್ಕೆ 1/500 ಆದರೆ ಎಫ್ 11ಕ್ಕೆ 1/1000. ಲೆಕ್ಕ ಅಷ್ಟೇ. ಇದು ತಲೆಗೆ ಹೋದರೆ ಉಳಿದದ್ದೆಲ್ಲ ಅಭ್ಯಾಸ.

ನೆರಳು ನೋಡಿ ಬೆಳಕು ಓದುವುದು

ಲೈಟ್ ಮೀಟರ್ ಇಲ್ಲದೆ ಬೆಳಕು ಗೊತ್ತಾಗುವುದು ಹೇಗೆ? ಫಿಲ್ಮ್ ಕಂಪನಿಗಳು ಹಿಂದೆ ರೋಲಿನ ಡಬ್ಬಿಯ ಜೊತೆಗೇ ಒಂದು ಸಣ್ಣ ಕೋಷ್ಟಕ ಕೊಡುತ್ತಿದ್ದವು. ಅದರ ಸಾರ ಇಷ್ಟು: ಒಳ್ಳೆ ಬಿಸಿಲಿನಲ್ಲಿ ಅಪರ್ಚರ್ ಎಫ್ 16, ಶಟರ್ ಒಂದರ ಕೆಳಗೆ ನಿಮ್ಮ ಐಎಸ್‌ಒ. ಐಎಸ್‌ಒ 100 ಆದರೆ ಹತ್ತಿರದ 1/125, 400 ಆದರೆ 1/500. ಛಾಯಾಗ್ರಾಹಕರು ಇದನ್ನು ಸನ್ನಿ 16 ನಿಯಮ ಅನ್ನುತ್ತಾರೆ. ಸೂರ್ಯ ಎಲ್ಲಾ ಊರಿಗೂ ಅದೇ ಸೂರ್ಯನಾದ್ದರಿಂದ ಇದು ಉಪ್ಪಳದಲ್ಲೂ ನಡೆಯುತ್ತದೆ, ಪ್ಯಾರಿಸ್ಸಿನಲ್ಲೂ ನಡೆಯುತ್ತದೆ.

ಬಿಸಿಲು "ಒಳ್ಳೆಯದು" ಹೌದೋ ಅಲ್ಲವೋ ಅಂತ ತಿಳಿಯಲು ಆಕಾಶ ನೋಡಬೇಡಿ, ನೆಲ ನೋಡಿ. ನಿಮ್ಮ ನೆರಳಿನ ಅಂಚು ಕತ್ತರಿಸಿದ ಹಾಗೆ ಚೂಪಾಗಿದ್ದರೆ ಎಫ್ 16. ಅಂಚು ಮೆತ್ತಗಾಗಿದ್ದರೆ ಎಫ್ 11. ನೆರಳು ಇದೆಯೋ ಇಲ್ಲವೋ ಅನ್ನುವ ಹಾಗಿದ್ದರೆ ಎಫ್ 8. ಪೂರ್ತಿ ಮೋಡ ಕವಿದು ನೆರಳೇ ಇಲ್ಲದಿದ್ದರೆ ಎಫ್ 5.6. ಬಿಸಿಲಿನ ದಿನ ಕಟ್ಟಡದ ನೆರಳಿಗೆ ಹೋದರೂ, ಮೇಲೆ ತೆರೆದ ಆಕಾಶ ಕಾಣುತ್ತಿದ್ದರೆ, ಎಫ್ 5.6. ಶಟರ್ ಮುಟ್ಟುವುದೇ ಬೇಡ, ಅಪರ್ಚರ್ ಒಂದನ್ನೇ ತಿರುಗಿಸಿದರೆ ಸಾಕು.

ಅಂದಾಜು ತಪ್ಪಿದರೆ? ಅರ್ಧ ಸ್ಟಾಪ್, ಒಂದು ಸ್ಟಾಪ್ ಆಚೀಚೆ ಆದರೆ ಚಿತ್ರ ಹಾಳಾಗುವುದಿಲ್ಲ. ಆದರೆ ಯಾವ ಕಡೆಗೆ ತಪ್ಪಬೇಕು ಅಂತ ಗೊತ್ತಿರಬೇಕು. ನೆಗೆಟಿವ್ ಫಿಲ್ಮ್ ಜಾಸ್ತಿ ಬೆಳಕನ್ನು ಚೆನ್ನಾಗಿ ತಡೆದುಕೊಳ್ಳುತ್ತದೆ, ಕಮ್ಮಿ ಬೆಳಕನ್ನು ತಡೆದುಕೊಳ್ಳುವುದಿಲ್ಲ. ಹಾಗಾಗಿ ಅನುಮಾನ ಬಂದರೆ ಒಂದು ಸ್ಟಾಪ್ ತೆರೆಯಿರಿ. ಡಿಜಿಟಲ್ಲಿನಲ್ಲಿ ಉಲ್ಟಾ: ಬಿಳಿ ಅಂಗಿ ಒಮ್ಮೆ ಪೂರ್ತಿ ಬೆಳ್ಳಗಾಗಿ ಹೋದರೆ ಅದರ ನೆರಿಗೆ ಮತ್ತೆ ಸಿಗುವುದಿಲ್ಲ, ಕಪ್ಪಾದದ್ದನ್ನು ಮಾತ್ರ ಆಮೇಲೆ ಸ್ವಲ್ಪ ಎತ್ತಬಹುದು. ಅಲ್ಲಿ ಅನುಮಾನ ಬಂದರೆ ಒಂದು ಸ್ಟಾಪ್ ಮುಚ್ಚಿ.

ನಮ್ಮ ಕಡೆಯ ಬೆಳಕು

ನಿಯಮ ಎಲ್ಲಾ ಊರಿನದ್ದಾದರೂ ಪ್ರತಿ ಊರಿನ ಬೆಳಕಿಗೆ ಅದರದ್ದೇ ಗುಣ ಇದೆ. ಕಾಸರಗೋಡು ಇರುವುದು ಸುಮಾರು ಹನ್ನೆರಡೂವರೆ ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯ ಹೊತ್ತಿಗೆ ಮಧ್ಯಾಹ್ನದ ಸೂರ್ಯ ಹೆಚ್ಚುಕಮ್ಮಿ ನೇರ ನೆತ್ತಿಯ ಮೇಲಿರುತ್ತಾನೆ. ಆಗ ನೆರಳೆಲ್ಲ ಕಾಲಡಿಗೆ ಸೇರುತ್ತದೆ, ಮನುಷ್ಯರ ಕಣ್ಣು ಮಾತ್ರ ಹುಬ್ಬಿನ ನೆರಳಿನಲ್ಲಿ ಕಪ್ಪಾಗುತ್ತದೆ. ತಲೆಗೆ ಟವಲ್ ಸುತ್ತಿದವರು, ತಳಂಗರೆ ಟೊಪ್ಪಿ ಹಾಕಿದವರು, ಕೊಡೆ ಹಿಡಿದವರು, ಯಾರ ಮುಖವೂ ಎಫ್ 16ಕ್ಕೆ ಸರಿಯಾಗಿ ಬರುವುದಿಲ್ಲ. ಮುಖ ಬೇಕಾದರೆ ಎಫ್ 11 ಇಡಿ.

ಬೇಕಲದ ಕಡಲ ತೀರದಲ್ಲಿ ಇದರ ವಿರುದ್ಧ. ಬಿಳಿ ಮರಳು ಬೆಳಕನ್ನು ಕೆಳಗಿನಿಂದಲೂ ಎರಚುತ್ತದೆ. ಅಲ್ಲಿ ಎಫ್ 16 ಸಾಲದು. ಎಫ್ 22ಕ್ಕೆ ಹೋಗಿ, ಅಥವಾ ಶಟರನ್ನು ಒಂದು ಮೆಟ್ಟಿಲು ಏರಿಸಿ. ಮುರಕಲ್ಲಿನ ಗೋಡೆಯ ಎದುರು ಇಂಥ ತೊಂದರೆ ಇಲ್ಲ, ಅದು ತೀರಾ ಬೆಳ್ಳಗೂ ಅಲ್ಲ ತೀರಾ ಕಪ್ಪೂ ಅಲ್ಲ.

ಜೂನ್‌ನಿಂದ ಸೆಪ್ಟೆಂಬರ್ ತನಕ ಮಳೆಗಾಲ. ಎಷ್ಟೋ ಜನ ಆಗ ಕ್ಯಾಮೆರಾ ಒಳಗಿಟ್ಟುಬಿಡುತ್ತಾರೆ. ಆದರೆ ಕೈಯಂದಾಜು ಕಲಿಯಲು ಅದಕ್ಕಿಂತ ಸುಲಭದ ಕಾಲ ಇಲ್ಲ. ಮೋಡದ ಬೆಳಕು ಬೀದಿಯ ಎರಡೂ ಬದಿಗೆ ಒಂದೇ ಸಮ ಬೀಳುತ್ತದೆ. ಐಎಸ್‌ಒ 400, 1/250, ಎಫ್ 8 ಇಟ್ಟು ಹೊರಟರೆ ಬಹಳ ಹೊತ್ತು ಏನೂ ಮುಟ್ಟಬೇಕಾಗಿಲ್ಲ. ಜಡಿಮಳೆ ಶುರುವಾದರೆ ಎಫ್ 4ಕ್ಕೆ ಇಳಿಯಿರಿ. ಒಂದು ಎಚ್ಚರಿಕೆ ಮಾತ್ರ ಹೇಳಲೇಬೇಕು: ನಮ್ಮ ಮಳೆಗಾಲದ ತೇವಕ್ಕೆ ಲೆನ್ಸಿನೊಳಗೆ ಫಂಗಸ್ ಬರುತ್ತದೆ. ಮನೆಗೆ ಬಂದ ಮೇಲೆ ಒರೆಸಿ, ಸಿಲಿಕಾ ಜೆಲ್ ಹಾಕಿದ ಗಾಳಿಯಾಡದ ಡಬ್ಬಿಯಲ್ಲಿಡಿ.

ಕಷ್ಟದ್ದು ಅರ್ಧ ಬಿಸಿಲು ಅರ್ಧ ನೆರಳಿನ ಬೀದಿ. ಎರಡರ ನಡುವೆ ಮೂರು ಸ್ಟಾಪ್ ವ್ಯತ್ಯಾಸ ಇರುತ್ತದೆ. ಎರಡನ್ನೂ ಸರಿ ಮಾಡಲು ಹೊರಟರೆ ಎರಡೂ ಸಿಗುವುದಿಲ್ಲ, ಹಾಗಾಗಿ ನೀವು ಯಾವ ಬದಿಯ ಜನರನ್ನು ನೋಡುತ್ತಿದ್ದೀರಿ ಅಂತ ಮೊದಲು ತೀರ್ಮಾನಿಸಿ ಆ ಬದಿಗೆ ಸೆಟ್ ಮಾಡಿ. ನನಗಂತೂ ಬಿಸಿಲಿನ ಬದಿಗೆ ಸೆಟ್ ಮಾಡಿ, ನೆರಳಿನಿಂದ ಬಿಸಿಲಿಗೆ ಕಾಲಿಡುವವರನ್ನು ಕಾಯುವುದು ಇಷ್ಟ. ಹಿನ್ನೆಲೆ ತಾನಾಗಿಯೇ ಕಪ್ಪಾಗಿ ಮನುಷ್ಯ ಎದ್ದು ಕಾಣುತ್ತಾನೆ.

ಶಟರ್ ಎಷ್ಟಿರಬೇಕು

ಸಾಮಾನ್ಯವಾಗಿ ನಡೆಯುವವರು ಸೆಕೆಂಡಿಗೆ ಸುಮಾರು 1.4 ಮೀಟರ್ ಹೋಗುತ್ತಾರೆ. 1/60 ಸೆಕೆಂಡಿನಲ್ಲಿ ಅವರು ಎರಡು ಸೆಂಟಿಮೀಟರಿಗಿಂತ ಜಾಸ್ತಿ ಸರಿದಿರುತ್ತಾರೆ, 1/500ರಲ್ಲಿ ಮೂರು ಮಿಲಿಮೀಟರಿನಷ್ಟೂ ಇಲ್ಲ. ಹಾಗಾಗಿ ಹತ್ತಿರದಲ್ಲಿ ಅಡ್ಡ ಹಾದು ಹೋಗುವವರಿಗೆ 1/500 ಬೇಕು. ನಮ್ಮ ಕಡೆಗೇ ನಡೆದು ಬರುವವರಿಗೆ 1/250 ಸಾಕಾಗುತ್ತದೆ, ಕೂತು ಮಾತಾಡುವವರಿಗೆ 1/125. ನಾವೂ ನಡೆಯುತ್ತಿರುತ್ತೇವೆ, ಕೈಯೂ ಅಲುಗುತ್ತದೆ ಅನ್ನುವುದನ್ನು ಮರೆಯಬಾರದು.

ಫೋಕಸ್ ಒಂದು ಪಟ್ಟಿಯ ಹಾಗೆ

ಇಲ್ಲಿಗೆ ಬಂದಾಗ ಹೆಚ್ಚಿನವರು ಕೈಬಿಡುತ್ತಾರೆ. ಬೆಳಕನ್ನು ಮೊದಲೇ ಸೆಟ್ ಮಾಡಬಹುದು ಸರಿ, ಆದರೆ ಮನುಷ್ಯ ಎಲ್ಲಿ ನಿಲ್ಲುತ್ತಾನೆ ಅಂತ ಮೊದಲೇ ಗೊತ್ತಾಗುವುದು ಹೇಗೆ?

ಗೊತ್ತಾಗಬೇಕಾಗಿಲ್ಲ. ಲೆನ್ಸನ್ನು 3 ಮೀಟರಿಗೆ ಫೋಕಸ್ ಮಾಡಿದರೆ ಸರಿಯಾಗಿ 3 ಮೀಟರಿನಲ್ಲಿರುವುದು ಅತ್ಯಂತ ಸ್ಪಷ್ಟ. ಅದರ ಹಿಂದೆ ಮುಂದೆ ಸ್ಪಷ್ಟತೆ ಒಮ್ಮೆಲೇ ಮಾಯವಾಗುವುದಿಲ್ಲ, ನಿಧಾನಕ್ಕೆ ಇಳಿಯುತ್ತದೆ. ಕಣ್ಣಿಗೆ ಸ್ಪಷ್ಟ ಅನ್ನಿಸುವ ಆ ಇಡೀ ಪಟ್ಟಿಯನ್ನು ಡೆಪ್ತ್ ಆಫ್ ಫೀಲ್ಡ್ ಅನ್ನುತ್ತಾರೆ. ತೂತು ಸಣ್ಣದಾದಷ್ಟೂ ಈ ಪಟ್ಟಿ ಉದ್ದವಾಗುತ್ತದೆ, ಯಾಕೆಂದರೆ ಸಣ್ಣ ತೂತಿನಿಂದ ಬರುವ ಕಿರಣಗಳು ಕಡಿಮೆ ಹರಡುತ್ತವೆ.

35 ಮಿ.ಮೀ. ಲೆನ್ಸನ್ನು ತೆಗೆದುಕೊಳ್ಳಿ, ಫಿಲ್ಮ್ ಕ್ಯಾಮೆರಾದಲ್ಲಿ ಅಥವಾ ಫಿಲ್ಮಿನ ಚೌಕಟ್ಟಿನಷ್ಟೇ ದೊಡ್ಡ ಸೆನ್ಸರ್ ಇರುವ ಫುಲ್ ಫ್ರೇಮ್ ಡಿಜಿಟಲ್ಲಿನಲ್ಲಿ. ಎಫ್ 8, ಫೋಕಸ್ 3 ಮೀಟರಿಗೆ. ಸ್ಪಷ್ಟ ಕಾಣುವ ಪಟ್ಟಿ ಸುಮಾರು 1.9 ಮೀಟರಿನಿಂದ 7 ಮೀಟರಿನ ತನಕ. ಅಂದರೆ ಬಸ್ಸಿನ ಬಾಗಿಲಲ್ಲಿ ನಿಂತ ಕಂಡಕ್ಟರ್, ಅವನ ಹಿಂದೆ ಹತ್ತುವವರು, ಈಚೆ ನಿಂತ ಲಾಟರಿ ಮಾರುವವರು, ಎಲ್ಲರೂ ಆ ಪಟ್ಟಿಯೊಳಗೆ. ಎಫ್ 11ಕ್ಕೆ ಹೋದರೆ ಪಟ್ಟಿ 1.7ರಿಂದ 15 ಮೀಟರ್ ಮುಟ್ಟುತ್ತದೆ. ಎಫ್ 16ರಲ್ಲಿ 2.6 ಮೀಟರಿಗೆ ಫೋಕಸ್ ಇಟ್ಟರೆ 1.3 ಮೀಟರಿನಿಂದ ದಿಗಂತದ ತನಕ ಎಲ್ಲವೂ ಬರುತ್ತದೆ. ಹೀಗೆ ಪಟ್ಟಿಯನ್ನು ಮೊದಲೇ ಹಾಸಿಟ್ಟುಕೊಂಡು ಕೆಲಸ ಮಾಡುವುದಕ್ಕೆ ಝೋನ್ ಫೋಕಸಿಂಗ್ ಅಂತ ಹೆಸರು.

50 ಮಿ.ಮೀ. ಲೆನ್ಸ್ ಇಷ್ಟು ಉದಾರಿಯಲ್ಲ. ಅದೇ ಎಫ್ 8, ಅದೇ 3 ಮೀಟರಿಗೆ ಪಟ್ಟಿ 2.3ರಿಂದ 4.2 ಮೀಟರ್ ಮಾತ್ರ. ಗಲ್ಫಿನಿಂದ ಬಂದ ಹೆಚ್ಚಿನ ಕ್ಯಾಮೆರಾಗಳಲ್ಲಿ ಇರುವುದು 50ರ ಲೆನ್ಸೇ, ಹಾಗಾಗಿ ಅದನ್ನು ಬಳಸುವವರು ದೂರದ ಅಂದಾಜಿನಲ್ಲಿ ಇನ್ನಷ್ಟು ಜಾಗ್ರತೆ ಮಾಡಬೇಕು, ಆದಷ್ಟು ಎಫ್ 11 ಅಥವಾ 16ರಲ್ಲಿ ಉಳಿಯಬೇಕು.

ಈ ಲೆಕ್ಕವನ್ನು ನೆನಪಿಟ್ಟುಕೊಳ್ಳುವ ಅಗತ್ಯ ಇಲ್ಲ. ಹಳೆ ಲೆನ್ಸಿನ ಮೇಲೆಯೇ ಅದನ್ನು ಕೆತ್ತಿರುತ್ತಾರೆ. ಫೋಕಸ್ ಗೆರೆಯ ಎರಡೂ ಬದಿ 4, 8, 11, 16 ಅಂತ ಜೋಡಿ ಜೋಡಿ ಗೆರೆಗಳಿರುತ್ತವೆ. ಎರಡು 8ರ ನಡುವೆ ಯಾವ ದೂರಗಳು ಬರುತ್ತವೆಯೋ ಅದು ಎಫ್ 8ರ ಪಟ್ಟಿ. ಆದರೆ ಆ ಗೆರೆಗಳನ್ನು ಸಾಧಾರಣ ಗಾತ್ರದ ಪ್ರಿಂಟ್ ನೋಡುವವರಿಗಾಗಿ ಲೆಕ್ಕ ಹಾಕಿದ್ದು. ಕಂಪ್ಯೂಟರಿನಲ್ಲಿ ಹಿಗ್ಗಿಸಿ ನೋಡಿದರೆ ಪಟ್ಟಿಯ ಅಂಚುಗಳು ಮೆತ್ತಗೆ ಕಾಣುತ್ತವೆ. ಅದಕ್ಕೆ ಎಫ್ 11 ಇಟ್ಟಾಗ 8ರ ಗೆರೆಯನ್ನೇ ನಂಬುವುದು ಕ್ಷೇಮ.

ಇನ್ನೊಂದು ವಿಷಯ. ಎಸ್‌ಎಲ್‌ಆರ್, ಅಂದರೆ ಲೆನ್ಸಿನ ಮೂಲಕವೇ ನೋಡುವ ಕ್ಯಾಮೆರಾದ ಕಿಂಡಿಯಲ್ಲಿ ನೋಡಿದರೆ ಹಿನ್ನೆಲೆ ಮಸುಕಾಗಿಯೇ ಕಾಣುತ್ತದೆ, ನೀವು ಎಫ್ 16 ಇಟ್ಟಿದ್ದರೂ ಸಹ. ನೋಡುವಾಗ ಲೆನ್ಸ್ ಪೂರ್ತಿ ತೆರೆದಿರುತ್ತದೆ, ಒತ್ತಿದ ಕ್ಷಣ ಮಾತ್ರ ನೀವು ಇಟ್ಟಷ್ಟಕ್ಕೆ ಮುಚ್ಚುತ್ತದೆ. ಆದ್ದರಿಂದ ಕಿಂಡಿಯ ಮಸುಕು ನೋಡಿ ಗಾಬರಿಯಾಗಿ ಫೋಕಸ್ ತಿರುಗಿಸಲು ಹೋಗಬೇಡಿ, ಗೆರೆಗಳನ್ನು ನಂಬಿ.

ದೂರದ ಅಂದಾಜು

ಈಗ ಉಳಿದದ್ದು ಮೂರು ಮೀಟರ್ ಅಂದರೆ ಎಷ್ಟು ಅಂತ ಕಣ್ಣಿಗೆ ಕಲಿಸುವುದು. ನಿಮ್ಮ ಮೈಯಲ್ಲೇ ಅಳತೆಗೋಲು ಇದೆ. ಎರಡೂ ಕೈ ಚಾಚಿದರೆ ಒಂದು ಮಾರು, ಅದು ಹೆಚ್ಚುಕಮ್ಮಿ ನಿಮ್ಮ ಎತ್ತರದಷ್ಟೇ. ಎರಡು ಮಾರಿಗೆ ಸ್ವಲ್ಪ ಕಮ್ಮಿ ಅಂದರೆ 3 ಮೀಟರ್. ಅಥವಾ ನಾಲ್ಕು ಸಹಜ ಹೆಜ್ಜೆ. ಮನೆಯ ಜಗಲಿಯಲ್ಲಿ, ಅಂಗಳದಲ್ಲಿ ಅಭ್ಯಾಸ ಮಾಡಿ: ಒಂದು ಕಂಬ ನೋಡಿ, ಎಷ್ಟು ದೂರ ಅಂತ ಬಾಯಲ್ಲಿ ಹೇಳಿ, ಆಮೇಲೆ ಅಳೆದು ನೋಡಿ.

ಕಿಂಡಿಯೂ ಒಂದು ಅಳತೆಗೋಲೇ. 35ರ ಲೆನ್ಸನ್ನು ಅಡ್ಡ ಹಿಡಿದಾಗ 3 ಮೀಟರಿನಲ್ಲಿ ಚೌಕಟ್ಟಿನ ಎತ್ತರಕ್ಕೆ ಎರಡು ಮೀಟರ್ ಜಾಗ ಹಿಡಿಯುತ್ತದೆ. ಅಂದರೆ ನಿಂತ ಮನುಷ್ಯ ತಲೆಯಿಂದ ಕಾಲಿನ ತನಕ ಬಂದು, ಮೇಲೆ ಕೆಳಗೆ ಸ್ವಲ್ಪ ಜಾಗ ಉಳಿದರೆ ಅವರು 3 ಮೀಟರಿನಲ್ಲಿದ್ದಾರೆ. 50ರ ಲೆನ್ಸಿನಲ್ಲಿ ಅದೇ ದೂರಕ್ಕೆ ತಲೆಯಿಂದ ಮೊಣಕಾಲಿನಷ್ಟು ಮಾತ್ರ ಬರುತ್ತದೆ. ಹತ್ತಿರ ಅನ್ನಿಸಿದರೆ ನೀವು ಒಂದು ಹೆಜ್ಜೆ ಹಿಂದೆ ಸರಿಯಿರಿ. ಫೋಕಸ್ ಉಂಗುರ ಅಲ್ಲೇ ಇರಲಿ, ಕಾಲು ಆ ಕೆಲಸ ಮಾಡಲಿ.

ಬೆರಳಿಗೆ ಕಲಿಸುವುದು

ಹಳೆ ಲೆನ್ಸಿನ ಅಪರ್ಚರ್ ಉಂಗುರ ತಿರುಗಿಸಿದರೆ ಟಿಕ್ ಟಿಕ್ ಅನ್ನುತ್ತದೆ. ಒಂದು ತುದಿಗೆ ಹೋಗಿ ನಿಲ್ಲಿಸಿ, ಅಲ್ಲಿಂದ ಟಿಕ್ ಎಣಿಸಿ. ಎಫ್ 16 ಕೊನೆಯಾದರೆ ಎರಡು ಸ್ಟಾಪ್ ಹಿಂದೆ ಎಫ್ 8. ಕೆಲವು ಲೆನ್ಸಿನಲ್ಲಿ ಒಂದು ಸ್ಟಾಪಿಗೆ ಒಂದು ಟಿಕ್, ಕೆಲವದರಲ್ಲಿ ಎರಡು. ನಿಮ್ಮದರಲ್ಲಿ ಯಾವುದು ಅಂತ ಮೊದಲೇ ನೋಡಿಟ್ಟುಕೊಳ್ಳಿ.

ಫೋಕಸ್ ಉಂಗುರದಲ್ಲಿ ಟಿಕ್ ಇಲ್ಲ. ಲೈಕಾದಂಥ ಕ್ಯಾಮೆರಾಗಳ ಹಲವು ಲೆನ್ಸಿಗೆ ಬೆರಳು ಸಿಕ್ಕಿಸುವ ಒಂದು ಕೊಕ್ಕೆ ಇರುತ್ತದೆ, ಅದು ಯಾವ ಕಡೆ ತಿರುಗಿದೆ ಅನ್ನುವುದರಿಂದ ದೂರ ಗೊತ್ತಾಗುತ್ತದೆ. ನಮ್ಮ ಲೆನ್ಸಿಗೆ ಅದಿಲ್ಲದಿದ್ದರೆ ಒಂದು ಕೇಬಲ್ ಟೈ ಬಿಗಿದು ಅದರ ಗಂಟು 3 ಮೀಟರಿನಲ್ಲಿ ಸರಿಯಾಗಿ ಕೆಳಗೆ ಬರುವ ಹಾಗೆ ಮಾಡಿ. ಬಸ್ಸಿಗೆ ಕಾಯುವಾಗ ಸುಮ್ನೆ ಕ್ಯಾಮೆರಾ ಹಿಡಿದು, ನೋಡದೆ ತಿರುಗಿಸಿ, ಆಮೇಲೆ ಎಲ್ಲಿ ನಿಂತಿದೆ ಅಂತ ಪರೀಕ್ಷಿಸಿ. ಕೈ ಬೇಗ ಕಲಿಯುತ್ತದೆ. ಒಂದೇ ಕ್ಯಾಮೆರಾ, ಒಂದೇ ಲೆನ್ಸ್ ಇಟ್ಟುಕೊಳ್ಳುವುದು ಒಳ್ಳೆಯದು, ಯಾಕೆಂದರೆ ಎಲ್ಲಾ ಕಂಪನಿಯ ಲೆನ್ಸ್ ಒಂದೇ ದಿಕ್ಕಿಗೆ ತಿರುಗುವುದಿಲ್ಲ.

ಹೊಸ ಮಿರರ್‌ಲೆಸ್ (ಒಳಗೆ ಕನ್ನಡಿ ಇಲ್ಲದ) ಡಿಜಿಟಲ್ ಕ್ಯಾಮೆರಾಗಳ ಲೆನ್ಸುಗಳಲ್ಲಿ ಹೆಚ್ಚಿನವಕ್ಕೆ ಈ ಸುಖ ಇಲ್ಲ. ಅವುಗಳ ಉಂಗುರ ಕೊನೆಯಿಲ್ಲದೆ ಸುತ್ತುತ್ತದೆ, ಒಳಗಿನ ಮೋಟರಿಗೆ ಬರೀ ಸೂಚನೆ ಕೊಡುತ್ತದೆ. ಅಲ್ಲಿ ಪರದೆಯ ಮೇಲೆ ದೂರದ ಅಳತೆ ಕಾಣುವ ಹಾಗೆ ಮಾಡಿಕೊಂಡು ಒಮ್ಮೆ ಸೆಟ್ ಮಾಡಿ ಬಿಟ್ಟುಬಿಡಬೇಕು.

ಒಂದು ಸುತ್ತು ಹೋಗಿ ಬರೋಣ

ಕಾಸರಗೋಡು ಹಳೆ ಬಸ್ ಸ್ಟ್ಯಾಂಡ್, ಬೆಳಗ್ಗೆ ಒಂಬತ್ತೂವರೆ, ನವೆಂಬರಿನ ಬಿಸಿಲು. ಫಿಲ್ಮ್ ಐಎಸ್‌ಒ 400, ಲೆನ್ಸ್ 35. ನೆರಳು ಚೂಪಾಗಿದೆ. ನೆಗೆಟಿವ್ ಫಿಲ್ಮ್ ಆದ್ದರಿಂದ ಒಂದು ಸ್ಟಾಪ್ ಉದಾರವಾಗಿ 1/500, ಎಫ್ 11, ಫೋಕಸ್ 3 ಮೀಟರ್. ಇಷ್ಟರಲ್ಲೇ ಬೀದಿಯ ಬಿಸಿಲಿನ ಬದಿಯ ಎಲ್ಲವೂ ಸಿಗುತ್ತದೆ.

ಅಂಗಡಿಯ ಮುಂದಿನ ತಗಡಿನ ಮಾಡಿನ ಕೆಳಗೆ ನುಗ್ಗುತ್ತೀರಿ. ನುಗ್ಗುವ ಮೊದಲೇ, ಕಾಲು ನೆರಳು ಮುಟ್ಟುವಾಗಲೇ, ಬೆರಳು ಎಫ್ 5.6ಕ್ಕೆ ಇಳಿದಿರಬೇಕು. ಪಟ್ಟಿ ಈಗ ಸಣ್ಣದಾಯಿತು, ದೂರ ಸ್ವಲ್ಪ ನಿಗಾ ಇರಲಿ. ಮೀನು ಮಾರ್ಕೆಟ್ಟಿನ ಮಾಡಿನಡಿ ಇನ್ನೂ ಕತ್ತಲು. ಅಲ್ಲಿ 1/125, ಎಫ್ 2.8. ಈಗ ಪಟ್ಟಿ ಒಂದು ಮಾರಿನಷ್ಟೂ ಇಲ್ಲ. ಹಾಗಾಗಿ ಒಂದು ಕಡೆ ನಿಂತು, ಮೀನು ಹೆಚ್ಚುವ ಜಾಗಕ್ಕೆ ಫೋಕಸ್ ಮಾಡಿಟ್ಟು, ಅಲ್ಲಿಗೆ ಜನ ಬರುವ ತನಕ ಕಾಯುವುದು ವಾಸಿ. ನೀಲಿ ಟಾರ್ಪಾಲ್ ಇದ್ದರೆ ಮುಖವೂ ನೀಲಿಯಾಗುತ್ತದೆ. ಕಪ್ಪು ಬಿಳುಪಿನ ಫಿಲ್ಮಿಗೆ ಆ ತೊಂದರೆ ಇಲ್ಲ.

ಹೊರಗೆ ಬರುವಾಗ ಮತ್ತೆ 1/500, ಎಫ್ 11. ಈ ವಾಪಸ್ ತಿರುಗಿಸುವುದನ್ನು ಒಂದು ಅಭ್ಯಾಸ ಮಾಡಿಕೊಳ್ಳಿ. ನೆರಳಿನಿಂದ ಹೊರಬಿದ್ದಾಗಲೆಲ್ಲ ಕೈ ತಾನಾಗಿ ಮೊದಲಿನ ಜಾಗಕ್ಕೆ ಬರಬೇಕು.

ಎದುರಿಗಿರುವವರು ಮನುಷ್ಯರು

ಕ್ಯಾಮೆರಾ ಸೆಟ್ ಆಗಿದ್ದರೆ ಕದ್ದು ತೆಗೆಯುವ ಅಗತ್ಯವೇ ಬೀಳುವುದಿಲ್ಲ. ಎತ್ತುವುದು, ಒತ್ತುವುದು, ಇಳಿಸಿ ನಕ್ಕು ತಲೆಯಾಡಿಸುವುದು, ಎಲ್ಲ ಒಂದೇ ಉಸಿರಿನಲ್ಲಿ ಆಗುತ್ತದೆ. ದೂರದಿಂದ ಜೂಮ್ ಹಾಕಿ ತೆಗೆಯುವುದಕ್ಕಿಂತ ಇದು ಎಷ್ಟೋ ನೇರ. ನಮ್ಮ ಪೇಟೆಯಲ್ಲಿ ಕನ್ನಡ, ಮಲಯಾಳ, ತುಳು, ಬ್ಯಾರಿ, ಕೊಂಕಣಿ ಎಲ್ಲ ನಡೆಯುತ್ತದೆ. ಯಾವುದರಲ್ಲಾದರೂ ಎರಡು ಮಾತಾಡಲು ಬಂದರೆ ಸಾಕು. ಬೇಡ ಅಂದವರನ್ನು ಬಿಟ್ಟುಬಿಡಿ. ಮೀನು ಮಾರುವ ಅಕ್ಕನ ಹತ್ತಿರ ಗಿರಾಕಿ ನಿಂತಿರುವಾಗ ಅಡ್ಡ ಹೋಗಬೇಡಿ. ಮಕ್ಕಳ ಚಿತ್ರವಾದರೆ ಜೊತೆಗಿರುವ ದೊಡ್ಡವರನ್ನು ಕೇಳಿಯೇ ಮುಂದುವರಿಯಿರಿ.

ರಾತ್ರಿಯಲ್ಲಿ

ಕತ್ತಲಾದ ಮೇಲೆ ಈ ವಿಧಾನದ ಅರ್ಧ ಮಾತ್ರ ಉಳಿಯುತ್ತದೆ. ಬೆಳಕಿನ ಅಂದಾಜು ಆಗಲೂ ನಡೆಯುತ್ತದೆ: ಚೆನ್ನಾಗಿ ಲೈಟ್ ಇರುವ ಅಂಗಡಿ ಬೀದಿಗೆ ಐಎಸ್‌ಒ 1600, 1/250, ಎಫ್ 2.8 ಒಳ್ಳೆ ಆರಂಭ. ಆದರೆ ಫೋಕಸಿನ ಪಟ್ಟಿ ಕುಗ್ಗಿಬಿಡುತ್ತದೆ. 35ರ ಲೆನ್ಸನ್ನು ಎಫ್ 2ಕ್ಕೆ ತೆರೆದು 3 ಮೀಟರಿಗೆ ಇಟ್ಟರೆ 2.6ರಿಂದ 3.5 ಮೀಟರ್ ತನಕ ಮಾತ್ರ ಸ್ಪಷ್ಟ. ರಾತ್ರಿಯ ಭೂತಕೋಲದಲ್ಲಿ, ದೀಟಿಗೆಯ ಬೆಳಕಿನಲ್ಲಿ ಓಡಾಡುವ ಪಾತ್ರಿಯನ್ನು ಹೀಗೆ ಹಿಡಿಯಲು ಹೋದರೆ ಹೆಚ್ಚಿನ ಚಿತ್ರಗಳು ಮಸುಕಾಗುತ್ತವೆ. ಅಲ್ಲಿ ಕಿಂಡಿಯಲ್ಲೇ ನೋಡಿ ಫೋಕಸ್ ಮಾಡಬೇಕು, ಅದಕ್ಕೂ ಮೊದಲು ಚಿತ್ರ ತೆಗೆಯಬಹುದೇ ಅಂತ ಆ ಮನೆಯವರನ್ನೋ ಸ್ಥಾನದವರನ್ನೋ ಕೇಳಬೇಕು.

ಶುರು ಮಾಡುವವರಿಗೆ ಒಂದು ಸಲಹೆ. ಮೊದಲ ರೋಲಿನಲ್ಲಿ ಪ್ರತಿ ಚಿತ್ರದ ಶಟರ್, ಅಪರ್ಚರ್, ನೆರಳು ಹೇಗಿತ್ತು, ದೂರ ಎಷ್ಟು ಅಂದುಕೊಂಡಿರಿ, ಇದನ್ನೆಲ್ಲ ಒಂದು ಸಣ್ಣ ಪುಸ್ತಕದಲ್ಲಿ ಬರೆದಿಡಿ. ಡೆವಲಪ್ ಆಗಿ ಬಂದ ಮೇಲೆ ಚಿತ್ರದ ಪಕ್ಕ ಅದನ್ನಿಟ್ಟು ನೋಡಿ. ಹಳೆ ಕ್ಯಾಮೆರಾದ ಶಟರ್ ವಯಸ್ಸಾಗಿ ನಿಧಾನವಾಗಿದ್ದರೆ ಅದೂ ಆಗಲೇ ಗೊತ್ತಾಗುತ್ತದೆ: ಅಂದಾಜು ಸರಿ ಇದ್ದ ಚಿತ್ರಗಳೆಲ್ಲ ಒಂದೇ ರೀತಿ ಜಾಸ್ತಿ ಬೆಳಕಾಗಿದ್ದರೆ, ಮುಂದಿನ ರೋಲಿನಿಂದ ಒಂದು ಸ್ಟಾಪ್ ಮುಚ್ಚಿ ಶುರು ಮಾಡಿ.